ವನಮಾಲಕ್ಕ ಆಕಾಶ ನೋಡುವ ಬಗೆ

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಮಾನಪಾಡಾ ರಸ್ತೆಗೆ ಹೊರಳುವಲ್ಲಿ, ಪುಂಡರೀಕಾಕ್ಷ ರಾಯರ ಶಾಕಾಹಾರಿ ಹೋಟೆಲು ಇದೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅದರ ಶಟರ್ ಅರ್ಧಕ್ಕೆ ಇಳಿಯುತ್ತದೆ. ಕೆಲಸದವರು ಬೆಂಚಿನ ಮೇಲೆ ಮೈಚಾಚುತ್ತಾರೆ, ರಾಯರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲೇ ತೂಕಡಿಸುತ್ತಾರೆ. ಅವರ ಹೆಂಡತಿ ವನಮಾಲಕ್ಕ ಮಾತ್ರ ಹಿಂದಿನ ಗಲ್ಲಿಯಲ್ಲಿರುವ ಮನೆಗೆ ಹೋಗಿ, ಫ್ಯಾನ್ ಹಾಕಿಕೊಂಡು, ವಿಮಾನ ಹಾರಿಸಲು ಕೂರುತ್ತಾರೆ.

ಕೇಳಿದವರು ನಗುತ್ತಾರೆ. ನಗುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ವಿಮಾನ ಕಂಪ್ಯೂಟರಿನೊಳಗಿನದು ಎನ್ನುವುದು ನಿಜ. ಆದರೆ ಅದು ಮಕ್ಕಳಾಟವಲ್ಲ, ಪೈಲಟ್ ಆಗಹೊರಟವರು ಅಭ್ಯಾಸಕ್ಕೆ ಬಳಸುವ ಜಾತಿಯ ಸಾಫ್ಟ್‌ವೇರ್. ಗಾಳಿ, ಮೋಡ, ಇಂಧನ, ರನ್‌ವೇ ಎಲ್ಲವೂ ಇದ್ದ ಹಾಗೆಯೇ ಇರುತ್ತವೆ, ಕೈ ತಪ್ಪಿದರೆ ವಿಮಾನ ಬೀಳುತ್ತದೆ. ಮಗ ಪ್ರಥಮ ಮದುವೆಯಾಗಿ ನೆರೂಳದಲ್ಲಿ ಮನೆ ಮಾಡಿದಾಗ ತನ್ನ ಜಾಯ್‌ಸ್ಟಿಕ್ಕನ್ನು ಇಲ್ಲೇ ಬಿಟ್ಟುಹೋಗಿದ್ದ. ಅದರ ಧೂಳು ಒರೆಸುತ್ತ ಒರೆಸುತ್ತ ವನಮಾಲಕ್ಕನಿಗೆ ಹುಚ್ಚು ಹತ್ತಿತು. ಮೊದಲ ದಿನ ವಿಮಾನವನ್ನು ಠಾಣೆಯ ಖಾಡಿಯ ಉಪ್ಪುನೀರಿನಲ್ಲಿ ಮುಳುಗಿಸಿದರು. ಮರುದಿನವೂ ಅದೇ ಖಾಡಿ. ಬೇರೆಯವರಾದರೆ ಅಲ್ಲಿಗೇ ಕೈಬಿಡುತ್ತಿದ್ದರು. ಇವರು ಸಾರಿನ ಪುಡಿ ಹುರಿಯುವುದನ್ನೇ ಅರ್ಧಂಬರ್ಧ ಕಲಿತವರಲ್ಲ, ಇದನ್ನು ಬಿಟ್ಟಾರೆಯೇ? ಕಲಿತೇ ಕಲಿತರು.

ಈಗ ಅವರ ಕಾಯಂ ದಾರಿ ಮುಂಬಯಿಯಿಂದ ಮಂಗಳೂರು. ಇತ್ತೀಚೆಗೆ ನವಿಮುಂಬಯಿಯ ಹೊಸ ನಿಲ್ದಾಣದಿಂದಲೂ ಹೊರಡುತ್ತಾರೆ, ಇಳಿಯುವುದು ಮಾತ್ರ ಬಜಪೆಯ ಗುಡ್ಡದ ಮೇಲಿನ ರನ್‌ವೇಯಲ್ಲೇ. ಅದೂ ಬಿಸಿಲಿನಲ್ಲಲ್ಲ. ಆಟಿ ತಿಂಗಳ ಮಳೆಮೋಡ ಕವಿಸಿಕೊಂಡು, ಕಿಟಕಿಯಾಚೆ ಏನೂ ಕಾಣದ ಹಾಗೆ ಮಾಡಿಕೊಂಡು, ಎದುರಿನ ಮುಳ್ಳಿನ ಮಾಪಕಗಳನ್ನಷ್ಟೇ ನಂಬಿ ಇಳಿಯುವುದು ಅವರ ಶೋಕಿ. ಕಡೆಯ ಗಳಿಗೆಯಲ್ಲಿ ಮೋಡ ಹರಿದು ರನ್‌ವೇಯ ದೀಪದ ಸಾಲು ಕಣ್ಣಿನ ಮೇಲಂಚಿಗೆ ಹೊಳೆದಾಗ ಅವರ ಮುಖದಲ್ಲಿ ಬರುವ ಕಳೆಯನ್ನು ಮದುವೆಯ ದಿನವೂ ತಾನು ಕಂಡಿರಲಿಲ್ಲ ಎಂದು ರಾಯರು ಗಿರಾಕಿಗಳ ಹತ್ತಿರ ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ನಕ್ಷತ್ರದ ಹುಚ್ಚು ಇದಕ್ಕಿಂತ ಹಳೆಯದು. ಡೊಂಬಿವಲಿಯಲ್ಲಿ ದಿನಾ ಲೋಡ್ ಶೆಡ್ಡಿಂಗ್ ಇದ್ದ ಕಾಲ. ಒಂದು ಸಂಜೆ ಒಣಗಿಸಿದ್ದ ಸಂಡಿಗೆ ತರಲು ತಮ್ಮ ವಸತಿ ಸೊಸೈಟಿಯ ಟೆರೇಸಿಗೆ ಹತ್ತಿದ್ದಾಗ ಕರೆಂಟು ಹೋಯಿತು. ಸುತ್ತ ಎಲ್ಲ ಕತ್ತಲು, ತಲೆಯೆತ್ತಿದರೆ ಆಕಾಶ ತುಂಬಿ ನಿಂತಿತ್ತು. ಊರೆಲ್ಲ ಶಾಪ ಹಾಕುತ್ತಿದ್ದ ಹೊತ್ತಿನಲ್ಲಿ ಇವರೊಬ್ಬರೇ ಕರೆಂಟು ಇನ್ನೂ ಸ್ವಲ್ಪ ತಡವಾಗಿ ಬರಲಿ ದೇವರೇ ಎಂದು ಬೇಡಿಕೊಂಡರು. ಆಮೇಲೆ ಮರಾಠಿ ಪತ್ರಿಕೆಯಲ್ಲಿ ಓದಿ, ಕಲ್ಯಾಣ ಡೊಂಬಿವಲಿಯ ಹವ್ಯಾಸಿ ಆಕಾಶ ವೀಕ್ಷಕರ ತಂಡವೊಂದನ್ನು ಹುಡುಕಿಕೊಂಡು ಹೋದರು. ಅಮಾವಾಸ್ಯೆಯ ಆಸುಪಾಸಿನ ಶನಿವಾರ ಆ ತಂಡ ಕರ್ಜತ್ ಲೋಕಲ್ ಹತ್ತಿ, ಬದಲಾಪುರ ದಾಟಿ ವಾಂಗಣಿಯಲ್ಲಿ ಇಳಿದು, ಪರಿಚಯದವರ ತೋಟದಲ್ಲಿ ಚಾಪೆ ಹಾಸುತ್ತದೆ. ತಂಡದ ಹಿರಿಯ ಧರ್ಮಪಾಲ ಮಾಸ್ತರರು. ಹೊಸಬರಿಗೆ ದೇವಯಾನಿಯನ್ನು ತೋರಿಸುವ ಕೆಲಸವನ್ನು ಅವರು ವನಮಾಲಕ್ಕನಿಗೇ ಬಿಡುತ್ತಿದ್ದರು.

ದೇವಯಾನಿ ಎಂದರೆ ನಮ್ಮ ಆಕಾಶಗಂಗೆಯಂಥದೇ ಇನ್ನೊಂದು ನಕ್ಷತ್ರಲೋಕ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಇಪ್ಪತ್ತೈದು ಲಕ್ಷ ವರ್ಷ ಬೇಕು. ಅಷ್ಟು ದೂರದಿಂದ ಬಂದದ್ದು ಕಾಣುವುದು ಕರಿಕಲ್ಲಿನ ಮೇಲೆ ಒರೆಸಿದ ಹಿಟ್ಟಿನ ಕಲೆಯಷ್ಟು. ನೇರ ನೋಡಿದರೆ ಅದೂ ಮಾಯ. ಮಸುಕು ಬೆಳಕನ್ನು ಹಿಡಿಯುವ ಶಕ್ತಿ ಕಣ್ಣಿನ ನಡುವಿಗಿಂತ ಅಂಚಿಗೆ ಹೆಚ್ಚು. ಅದಕ್ಕೇ ಬಲ್ಲವರು ಅದನ್ನು ಬಿಟ್ಟು ತುಸು ಪಕ್ಕಕ್ಕೆ ನೋಡುತ್ತಾರೆ, ಆಗ ಅದು ತಾನಾಗಿ ಕಣ್ಣಂಚಿಗೆ ಬರುತ್ತದೆ. ವನಮಾಲಕ್ಕ ಅದರ ಸ್ವಲ್ಪ ಕೆಳಗೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದರು. ಹೊಸಬರಿಗೂ ಹಾಗೆಯೇ ಹೇಳಿಕೊಡುತ್ತಿದ್ದರು. ಮದುಮಗಳನ್ನು ಯಾರಾದರೂ ನೆಟ್ಟಗೆ ನೋಡುತ್ತಾರೆಯೇ ಎಂದು ಕೇಳಿ ನಗಿಸುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಬಜಪೆಯ ದೀಪಗಳು ಕೆಟ್ಟವು. ಹಾಗೆಂದು ವನಮಾಲಕ್ಕ ತಿಳಿದರು. ಮಾಪಕಗಳ ಮೇಲೆ ಕಣ್ಣಿಟ್ಟು ಇಳಿಯುತ್ತಾರೆ, ಇನ್ನೇನು ಮೇಲೆ ಕಿಟಕಿಯಲ್ಲಿ ದೀಪ ಹೊಳೆಯಬೇಕು, ಹೊಳೆಯುವುದಿಲ್ಲ. ವಿಮಾನ ಗುಡ್ಡಕ್ಕೆ ಬಡಿಯುತ್ತದೆ. ಸಾಫ್ಟ್‌ವೇರ್ ಆಗಷ್ಟೇ ಅಪ್‌ಡೇಟ್ ಆಗಿತ್ತು, ಅಪರಾಧಿ ಕೈಗೆ ಸಿಕ್ಕ ಹಾಗಾಯಿತು. ಭಾನುವಾರ ಮಗನನ್ನು ಕರೆಸಿದರು. ಅವನು ಪಕ್ಕದಲ್ಲಿ ಕೂತು ನೋಡಿ, "ಅಮ್ಮಾ, ಲೈಟ್ ತೋ ಜಲ್ ರಹಾ ಹೈ," ಎಂದ, ದೀಪ ಉರಿಯುತ್ತಲೇ ಇದೆಯಲ್ಲ ಎಂದು. ಅಭ್ಯಾಸ ತಪ್ಪಿದವನಿಗೆ ಏನು ಗೊತ್ತಾಗುತ್ತದೆ ಎಂದು ಅವನನ್ನು ಗದರಿ, ಅವನಿಂದಲೇ ಕಂಪ್ಯೂಟರಿಗೆ ಹೊಸ ಪರದೆ ತರಿಸಿದರು. ಹೊಸ ಪರದೆಯಲ್ಲೂ ಗುಡ್ಡವೇ ಸಿಕ್ಕಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ರಾಯರು ಹಾಸ್ಯ ಮಾಡಿದರು. ಆ ಮಾತನ್ನು ನೆನೆದು ಅವರು ಆಮೇಲೆ ಎಷ್ಟು ನೊಂದರೆಂದು ಅವರಿಗೇ ಗೊತ್ತು.

ಚೌತಿ ಕಳೆದ ಮೇಲೆ ಒಂದು ಮಧ್ಯಾಹ್ನ ವನಮಾಲಕ್ಕ ಹೋಟೆಲಿನಿಂದ ಹೊರಡುತ್ತ ಅರ್ಧ ಇಳಿದ ಶಟರಿಗೆ ಹಣೆ ಬಡಿದುಕೊಂಡರು. ಮೂರು ದಶಕದಿಂದ ತಲೆ ತಗ್ಗಿಸಿ ದಾಟುತ್ತಿದ್ದ ಶಟರ್ ಅದು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ವಿಜಯಪುರದ ಸುಲೋಚನಾ ಐಸಿನ ತುಂಡು ಹಿಡಿದು ಓಡಿಬಂದಳು. ಏನೋ ಯೋಚನೆಯಲ್ಲಿದ್ದೆ ಎಂದು ವನಮಾಲಕ್ಕ ಜಾರಿಕೊಂಡರು. ಅದೇ ವಾರ ಇನ್ನೊಮ್ಮೆ ಬಡಿಯಿತು. ಈ ಸಲ ಸುಲೋಚನಾ ಅವರನ್ನು ಏನೂ ಕೇಳಲಿಲ್ಲ, ಕೈ ಒರೆಸಿಕೊಂಡು ನೇರ ರಾಯರ ಮುಂದೆ ಹೋಗಿ ನಿಂತಳು.

"ಸಾಹುಕಾರ್ರ, ಅಕ್ಕಾರಿಗಿ ಮ್ಯಾಲಿಂದು ಕಾಣವಲ್ದು. ಕಣ್ಣಿನ ಡಾಕ್ಟರಿಗಿ ತೋರಸ್ರಿ."

ರಾಯರ ನಗು ಅಲ್ಲಿಗೆ ನಿಂತಿತು. ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂರಿಸಿ, ಚುಕ್ಕಿ ಹೊಳೆದಾಗಲೆಲ್ಲ ಗುಂಡಿ ಒತ್ತಿರಿ ಎಂದರು. ಕೆಳಗಿನ ಚುಕ್ಕಿಗಳಿಗೆ ವನಮಾಲಕ್ಕ ಒತ್ತಿದರು. ಮೇಲೆ ಹೊಳೆದ ಚುಕ್ಕಿಗಳು ಅವರಿಗೆ ಹೊಳೆದದ್ದೇ ಗೊತ್ತಾಗಲಿಲ್ಲ. ಎರಡೂ ಕಣ್ಣಿಗೆ ಗ್ಲಾಕೋಮಾ. ಒಳಗಿನ ನರ ಸದ್ದಿಲ್ಲದೆ ಸೊರಗಿ, ನೋಟದ ಮೇಲಿನ ಅರ್ಧ ಬಹುಪಾಲು ಹೋಗಿತ್ತು. ನೋವಿಲ್ಲದ ರೋಗ. ಕಾಣದ ಜಾಗವನ್ನು ಮೆದುಳು ಹೇಗೋ ತುಂಬಿಕೊಂಡುಬಿಡುವುದರಿಂದ ರೋಗಿಗೆ ಕೊನೆಗಷ್ಟೇ ತಿಳಿಯುತ್ತದೆ. ದಿನಾ ಹನಿ ಹಾಕಿಕೊಂಡರೆ ಉಳಿದದ್ದನ್ನು ಕಾಪಾಡಬಹುದು, ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ವರದಿಯ ಕಾಗದದಲ್ಲಿ ನೋಟದ ಚಿತ್ರ ಇತ್ತು. ಮೇಲೆ ಕಪ್ಪು, ಕೆಳಗೆ ಬಿಳಿ.

ರಿಕ್ಷಾದಲ್ಲಿ ವನಮಾಲಕ್ಕ ಅಳಲಿಲ್ಲ. ಮನೆಗೆ ಬಂದವರೇ ಜಾಯ್‌ಸ್ಟಿಕ್ಕಿಗೆ ಹಳೆಯ ಸೀರೆ ಸುತ್ತಿ ಕಪಾಟಿನ ಮೇಲೆ ಇಟ್ಟರು. ಅಮಾವಾಸ್ಯೆಯ ಶನಿವಾರ ಧರ್ಮಪಾಲ ಮಾಸ್ತರರ ಫೋನು ಬಂದಾಗ ಮೊಣಕಾಲು ನೋವು ಎಂದರು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಅವರಿಗೆ ಭಯವಾಗಿತ್ತು. ವಾಂಗಣಿಗೆ ಹೋಗಿ ತಲೆಯೆತ್ತಿ, ದೇವಯಾನಿ ಕಾಣದೆ ಹೋದರೆ? ಹೋಗದಿದ್ದರೆ ಅದು ಅಲ್ಲಿದೆ, ತನಗೂ ಕಂಡೀತು ಎಂದಾದರೂ ಅಂದುಕೊಂಡಿರಬಹುದು. ನೋಡಿ ಕಾಣದಿದ್ದರೆ ಆ ಆಸೆಯೂ ಮುಗಿಯಿತು. ಅಷ್ಟು ವರ್ಷದ ಪ್ರೀತಿ ಒಂದು ಸಂಜೆಗೆ ಕಳೆದುಹೋಗುವುದನ್ನು ಎದುರಿಸುವ ಧೈರ್ಯ ಅವರಲ್ಲಿ ಇರಲಿಲ್ಲ.

ದುಃಖದ ಪಕ್ಕ ಸುಮ್ಮನೆ ಕೂರುವ ಜಾತಿಯವರಲ್ಲ ರಾಯರು. ಸಮಾಧಾನದ ಮಾತೂ ಅವರಿಗೆ ಬರುವುದಿಲ್ಲ. ಒಂದು ಮಧ್ಯಾಹ್ನ ಶಟರ್ ಅರ್ಧಕ್ಕೆ ಇಳಿದ ಮೇಲೆ ತೂಕಡಿಸುವುದನ್ನು ಬಿಟ್ಟು ಮನೆಗೆ ಬಂದರು. ವನಮಾಲಕ್ಕ ಒಳಕೋಣೆಯಲ್ಲಿ ಮಲಗಿದ್ದರು. ರಾಯರು ಕುರ್ಚಿ ಹತ್ತಿ ಜಾಯ್‌ಸ್ಟಿಕ್ಕನ್ನು ಇಳಿಸಿ, ಮಗನಿಗೆ ಫೋನು ಮಾಡಿ ಕೇಳಿಕೊಂಡು, ವಿಮಾನ ಹಾರಿಸಿಯೇಬಿಟ್ಟರು. ಅದು ಏರಿತು, ವಾಲಿತು, ಎಚ್ಚರಿಕೆಯ ಗಂಟೆ ಕಿರುಚಿತು, ಬಿತ್ತು. ಮತ್ತೆ ಹಾರಿಸಿದರು, ಮತ್ತೆ ಗಂಟೆ ಕಿರುಚಿತು. ಮಲಗಿದ್ದವರು ಎಷ್ಟೆಂದು ಸಹಿಸಿಯಾರು? ಎದ್ದು ಬಂದು ಗಂಡನ ಬೆನ್ನ ಹಿಂದೆ ನಿಂತರು. ರಾಯರು ಎತ್ತರದ ಮಾಪಕವೊಂದನ್ನೇ ದುರುಗುಟ್ಟಿ ನೋಡುತ್ತಿದ್ದರು, ಅಷ್ಟರಲ್ಲಿ ವೇಗ ಸತ್ತುಹೋಗುತ್ತಿತ್ತು.

"ಇವರೇ, ಒಂದನ್ನೇ ನೋಡ್ತಾ ಕೂತ್ರೆ ಬೀಳುದೇ. ಕಣ್ಣು ತಿರುಗ್ತಾ ಇರ್ಬೇಕು. ವೇಗ ನೋಡಿ, ಎತ್ತರ ನೋಡಿ, ದಿಕ್ಕು ನೋಡಿ, ಪುನಃ ವೇಗ."

"ನಂಗೆ ಎಲ್ಲಾ ಒಟ್ಟಿಗೆ ಕಾಣುದಿಲ್ಲ ಮಾರಾಯ್ತಿ."

"ಒಟ್ಟಿಗೆ ಯಾರಿಗೂ ಕಾಣುದಿಲ್ಲ. ಸರದಿಯಲ್ಲಿ ನೋಡುದು."

ಹೇಳಿದ ಮಾತು ವನಮಾಲಕ್ಕನ ಕಿವಿಗೂ ಬಿತ್ತು. ವಿಮಾನ ಬಿತ್ತು, ಅದನ್ನು ಇಬ್ಬರೂ ಗಮನಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇವರ ಮದ್ದು ವರ್ಷಗಟ್ಟಲೆ ಇವರ ಮೇಜಿನ ಮೇಲೆಯೇ ಇತ್ತು. ಕಿಟಕಿಯ ದೀಪ ತಾನಾಗಿ ಕಣ್ಣಂಚಿಗೆ ಬರಲಿ ಎಂದು ಕಾಯುವುದರಿಂದಲ್ಲವೇ ಗುಡ್ಡಕ್ಕೆ ಬಡಿಯುವುದು? ಇನ್ನು ಕಾಯುವುದು ಬೇಡ, ಕಿಟಕಿಯನ್ನೂ ಸರದಿಗೆ ಸೇರಿಸಿದರಾಯಿತು. ವೇಗ, ಎತ್ತರ, ದಿಕ್ಕು, ತಲೆಯೆತ್ತಿ ಕಿಟಕಿ, ಪುನಃ ವೇಗ. ಗಂಡನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತರು.

ಆ ದಿನವೂ ಗುಡ್ಡವೇ. ಮರುದಿನವೂ. ರೂಢಿ ಎಂಬುದು ಅಂಟಿನುಂಡೆಯ ಬೆಲ್ಲ, ಬಿಡು ಎಂದರೆ ಬಿಡುವುದಿಲ್ಲ. ಆದರೆ ದೀಪಾವಳಿಯ ಹೊತ್ತಿಗೆ ಬಜಪೆಯ ದೀಪಗಳು ಉರಿಯತೊಡಗಿದವು. ಬೀದಿಯಲ್ಲೂ ಅದೇ ಪಾಠ. ಹೋಟೆಲಿನ ಬಾಗಿಲಿಗೆ ಬಂದರೆ ಮೊದಲು ಕಣ್ಣು ಮೇಲೆ, ಆಮೇಲೆ ಹೆಜ್ಜೆ. ಅವರು ಹೊರಡುವ ಹೊತ್ತಿಗೆ ಸುಲೋಚನಾ ಶಟರಿನ ಹತ್ತಿರ ಕಸವೇ ಇಲ್ಲದ ಜಾಗವನ್ನು ಗುಡಿಸುತ್ತ ನಿಂತಿರುತ್ತಿದ್ದಳು. ಅವರು ತಾವಾಗಿ ತಲೆ ತಗ್ಗಿಸಿ ದಾಟಿದ್ದನ್ನು ನೋಡಿಯೇ ಒಳಗೆ ಹೋಗುತ್ತಿದ್ದಳು. ಇಂಥ ಹೆಂಗಸರ ನಡುವೆ ಬದುಕುವುದು ಪುಣ್ಯ ಎಂಬುದು ಈ ಕತೆ ಹೇಳುವವನ ಅಭಿಪ್ರಾಯ.

ಆದರೆ ದೇವಯಾನಿಯ ಪ್ರಶ್ನೆ ಹಾಗೆಯೇ ಉಳಿದಿತ್ತು. ದೀಪವನ್ನಾದರೆ ತಲೆಯೆತ್ತಿ ನೇರ ನೋಡಬಹುದು. ದೇವಯಾನಿಗೆ ಕಣ್ಣಂಚೇ ಬೇಕು, ಆ ಅಂಚೇ ತನಗಿಲ್ಲ ಎಂದು ವನಮಾಲಕ್ಕ ಒಂದು ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದರು. ರಾಯರಿಗೆ ಪೂರ್ತಿ ಅರ್ಥವಾಗಲಿಲ್ಲ. ಬರುವ ಶನಿವಾರ ವಾಂಗಣಿಗೆ ತಾನೂ ಬರುತ್ತೇನೆ ಎಂದಷ್ಟೇ ಹೇಳಿದರು. ಶನಿವಾರ ಸಂಜೆ ಗಲ್ಲಾಪೆಟ್ಟಿಗೆಯನ್ನು ಇನ್ನೊಬ್ಬರ ಕೈಗೆ ಬಿಟ್ಟುಹೋದ ಉಡುಪಿ ಹೋಟೆಲಿನವನನ್ನು ಡೊಂಬಿವಲಿ ಅಲ್ಲಿಯವರೆಗೆ ಕಂಡಿರಲಿಕ್ಕಿಲ್ಲ. ಹೆಂಡತಿಗೆ ಅದರ ಅರ್ಥ ಗೊತ್ತಾಯಿತು, ಬೇಡ ಎನ್ನಲಿಲ್ಲ.

ವಾಂಗಣಿಯಲ್ಲಿ ಆ ಸಂಜೆ ಗಾಳಿ ಶುಭ್ರವಾಗಿತ್ತು. ಕತ್ತಲಾಗುತ್ತಲೇ ಚಾಪೆ ಹಾಸಿದರು. ಧರ್ಮಪಾಲ ಮಾಸ್ತರರಿಗೆ ಕಣ್ಣಿನ ವಿಷಯ ತಿಳಿದಿರಲಿಲ್ಲ. ಮೊಣಕಾಲು ಹೇಗಿದೆ ಎಂದು ವಿಚಾರಿಸಿ, ಹೊಸಬರ ಗುಂಪೊಂದನ್ನು ಎಂದಿನಂತೆ ಇವರ ಕಡೆ ಕಳಿಸಿದರು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ವನಮಾಲಕ್ಕ ತಲೆಯೆತ್ತಿದರು. ಪೂರ್ವಾಭಾದ್ರಾ ಉತ್ತರಾಭಾದ್ರಾಗಳ ದೊಡ್ಡ ಚೌಕ ಮೊದಲು ಸಿಗಬೇಕು. ಹಿಂದೆ ಒಂದೇ ನೋಟಕ್ಕೆ ಸಿಗುತ್ತಿತ್ತು, ಈಗ ಮೂಲೆ ಮೂಲೆಯಾಗಿ ಸರದಿಯಲ್ಲಿ ಹುಡುಕಿದರು. ಸಿಕ್ಕಿತು. ಅದರ ಒಂದು ಮೂಲೆಯಿಂದ ನಕ್ಷತ್ರ ಹಿಡಿದು ನಕ್ಷತ್ರಕ್ಕೆ ನಡೆದು ಆ ಜಾಗಕ್ಕೆ ಬಂದರು. ರೂಢಿಯಂತೆ ತುಸು ಕೆಳಗೆ ನೋಡಿದರು.

ಏನೂ ಇರಲಿಲ್ಲ. ಕಣ್ಣು ಮುಚ್ಚಿ ತೆರೆದು ಇನ್ನೊಮ್ಮೆ ನೋಡಿದರು, ಬರೀ ಕಪ್ಪು. ಹೊಸಬರು ಅವರ ಕೈಬೆರಳನ್ನೇ ನೋಡುತ್ತ ಕಾದಿದ್ದರು. ಇದೊಂದಕ್ಕೆ ಹೆದರಿ ತಾನು ಮನೆಯಲ್ಲಿ ಉಳಿದದ್ದು, ಅದೇ ಈಗ ಎಲ್ಲರ ಎದುರು ಆಗುತ್ತಿದೆ ಎನ್ನಿಸಿ ಅವರಿಗೆ ಅಳು ಬಂತು.

ಆಗ ಡಾಕ್ಟರ ಕಾಗದದ ಚಿತ್ರ ನೆನಪಾಯಿತು. ಅಂದಿನಿಂದ ಅವರು ಅದರ ಕಪ್ಪನ್ನಷ್ಟೇ ನೆನೆಯುತ್ತಿದ್ದರು. ಕೆಳಗಿನ ಅರ್ಧ ಬಿಳಿಯಾಗಿತ್ತಲ್ಲ? ಕೆಳಗಿನ ಅಂಚು ಬದುಕಿದೆಯಲ್ಲ? ತಾನು ಕೆಳಗೆ ನೋಡಿದರೆ ದೇವಯಾನಿ ಬೀಳುವುದು ಸತ್ತ ಅಂಚಿಗೆ. ಬದುಕಿದ ಅಂಚಿಗೆ ಬೀಳಬೇಕಾದರೆ ಅದಕ್ಕಿಂತ ಮೇಲೆ ನೋಡಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ನೋಡಿದವರಲ್ಲ, ಕತ್ತು ಒಪ್ಪಲಿಲ್ಲ. ಒಪ್ಪಿಸಿದರು. ನೋಟವನ್ನು ಆ ಜಾಗ ದಾಟಿಸಿ, ಇನ್ನೂ ಎತ್ತರದ ಖಾಲಿ ಕತ್ತಲೆಯಲ್ಲಿ ನಿಲ್ಲಿಸಿ ಕಾದರು.

ಕೆಳಗಿನಿಂದ ಅದು ಮೆಲ್ಲಗೆ ಬಂತು. ಬೂದುಬಣ್ಣದ, ಉದ್ದುದ್ದ, ಅಂಚಿಲ್ಲದ ಬೆಳಕು.

ವನಮಾಲಕ್ಕ ಹೊಸಬರಿಗೆ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ತನ್ನ ನೋಟದ ಮೇಲಿನ ಅರ್ಧ ಹೋಗಿದೆ, ಮೊಣಕಾಲಿನ ಮಾತು ಸುಳ್ಳು, ನಿಮ್ಮ ಕಣ್ಣು ಸರಿ ಇರುವುದರಿಂದ ನೀವು ಯಾವ ಪಕ್ಕಕ್ಕೆ ನೋಡಿದರೂ ಆ ಬೆಳಕು ಸಿಗುತ್ತದೆ ಎಂದರು. ಧರ್ಮಪಾಲ ಮಾಸ್ತರರು ಟಾರ್ಚ್ ಆರಿಸಿ ಹತ್ತಿರ ಬಂದು ನಿಂತರು. ರಾಯರೊಬ್ಬರು ಅಷ್ಟು ಹೊತ್ತೂ ಆಕಾಶವನ್ನು ನೆಟ್ಟಗೆ ದುರುಗುಟ್ಟಿ ನೋಡುತ್ತಿದ್ದವರು, ತನಗೆ ಎಂತದೂ ಕಾಣುವುದಿಲ್ಲ ಎಂದು ದೂರಿದರು.

"ನನ್ನ ಹಾಗೆ ನೋಡಿ," ಎಂದು ವನಮಾಲಕ್ಕ ಅವರ ಗಲ್ಲವನ್ನು ಮೇಲೆತ್ತಿದರು. "ಅದ್ರಿಂದ ಮೇಲೆ. ಇನ್ನೂ ಮೇಲೆ."

ರಾಯರು ನೋಡುತ್ತ ನಿಂತರು.

"ಬಂತು," ಎಂದರು.