ಡಾಲ್ಫಿನ್ ಕೊಳಕ್ಕೆ ಬಿದ್ದ ಹರಕೆ ಗಂಟು

ನನಗಾಗ ಅರವತ್ತಾರು. ಒಂಬತ್ತು ವರ್ಷದ ಹಿಂದಿನ ಮಾತು. ಸಿಂಗಾಪುರದಲ್ಲಿ ಡಾಲ್ಫಿನ್ ಸಾಕಿ, ಪಳಗಿಸಿ, ಜನರಿಗೆ ತೋರಿಸುವ ಒಂದು ಜಾಗದಲ್ಲಿ ಗುಡಿಸಿ ಒರೆಸುವ ಕೆಲಸ ನನ್ನದು. ಯಜಮಾನರು ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು, ತೀರಿಕೊಂಡರು. ಮಗಳು ಮದುವೆಯಾಗಿ ಅದೇ ಊರಿನ ಇನ್ನೊಂದು ಮೂಲೆಯ ಟ್ಯಾಂಪಿನೀಸಿಗೆ ಹೋದಳು. ನಾನು ಟೋವಾ ಪಾಯೋದ ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದೆ. ಯಾರ ಮನೆಯ ಮೂಲೆಯಲ್ಲೂ ಬಿದ್ದಿರಬಾರದು ಅಂತಲೇ ಆ ಕೆಲಸ ಹಿಡಿದದ್ದು.

ಕೊಳದ ಸುತ್ತ ಜನ ಕೂರುವ ಮೆಟ್ಟಿಲು ನನ್ನ ಪಾಲಿಗಿತ್ತು. ಐಸ್‌ಕ್ರೀಮ್ ಕಡ್ಡಿ, ಸ್ಟ್ರಾ, ಮಕ್ಕಳ ಹೇರ್‌ಪಿನ್ನು, ಒಡೆದ ಬಲೂನು, ಎಲ್ಲ ಆಯ್ದು ಹಾಕಬೇಕು. ಗಾಳಿಗೆ ಹಾರಿ ನೀರಿಗೆ ಬಿತ್ತೋ, ಡಾಲ್ಫಿನ್ ಆಟ ಅಂತ ಬಾಯಿಗೆ ಹಾಕಿಕೊಳ್ಳುತ್ತೆ. ನುಂಗಿದರೆ ಹೊಟ್ಟೆಯಲ್ಲೇ ಕೂರುತ್ತೆ. ಡಾಲ್ಫಿನ್ನುಗಳನ್ನು ನೋಡಿಕೊಳ್ಳುವ ಚೀನೀ ಹೆಂಗಸು, ನಲವತ್ತರ ಆಸುಪಾಸಿನವಳು, ದಿನಾ ಮೈಕು ಹಿಡಿದು ಇದನ್ನೇ ಹೇಳುವಳು. ಇದು ಮೀನಲ್ಲ, ಮರಿಗೆ ಹಾಲು ಕೊಡುವ ಪ್ರಾಣಿ. ಈ ಕೊಳದ ನೀರು ಸಮುದ್ರದಿಂದಲೇ ಪೈಪಿನಲ್ಲಿ ಬರುತ್ತೆ. ಆಟ ಆಡಲಿ ಬಿಡಲಿ, ಇವಕ್ಕೆ ದಿನದ ಮೀನು ದಿನ ಕೊಡುತ್ತೇವೆ. ಕೊನೆಗೆ ಒಂದು ಮಾತು, ನೀರಿಗೆ ಏನನ್ನೂ ಹಾಕಬೇಡಿ. ಜನ ಆಗ ಫೋನಿನಲ್ಲಿ ಫೋಟೋ ನೋಡಿಕೊಳ್ಳುತ್ತಿರುತ್ತಾರೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ನಾಲ್ಕು ವರ್ಷ ಕೇಳಿ ಕೇಳಿ ಅವಳ ಇಂಗ್ಲಿಷು ಅಷ್ಟೂ ಬಾಯಿಪಾಠ ಆಗಿತ್ತು.

ಆ ವರ್ಷ ಮಗಳಿಗೆ ಹೆರಿಗೆ ಆಯಿತು. ಬಾಣಂತನ ತವರಿನವರದ್ದು. ನಾನು ಟ್ಯಾಂಪಿನೀಸಿಗೆ ಹೋಗಿ ಇದ್ದೆ, ಆದರೆ ಕೆಲಸ ಬಿಡಲಿಲ್ಲ. ಮೈಸೂರಿನಿಂದ ಬೀಗಿತ್ತಿ ಬಂದರು. ಮಗುವಿಗೆ ಎಣ್ಣೆ ಒತ್ತುತ್ತಾ, ನನಗೆ ಕೇಳುವ ಹಾಗೆ ಮಗುವಿಗೆ ಹೇಳುವರು.

"ನಿಮ್ಮಜ್ಜಿಗೆ ಪುರುಸೊತ್ತಿಲ್ಲ ಕಣಪ್ಪ. ಬಾಣಂತೀನ ಬಿಟ್ಟು ಮೀನಿನ ಚಾಕರಿಗೆ ಹೋಗ್ತಾರೆ."

"ಅದು ಮೀನಲ್ಲ, ಬೀಗಿತ್ತಿಯವರೇ."

"ನೀರಲ್ಲಿರೋದೆಲ್ಲ ಮೀನೇ ಬಿಡಿ. ಮೊಸಳೆ ಒಂದು ಬಿಟ್ಟು."

ಮಗಳೂ ಅವರ ಕಡೆಗೇ ವಾಲಿದಳು. ಆ ಕೆಲಸ ಬಿಟ್ಟುಬಿಡಮ್ಮಾ, ಇಲ್ಲೇ ಇದ್ದುಬಿಡು, ಮಗು ನೋಡಿಕೊಂಡು. ಅಂದರೆ ಟೋವಾ ಪಾಯೋ ಮನೆಗೆ ಬೀಗ. ನನ್ನ ಒಂದು ವರ್ಷದ ಕರಾರು ಮುಂದಿನ ತಿಂಗಳು ಮುಗಿಯುವುದರಲ್ಲಿತ್ತು, ಮತ್ತೆ ಬರೆಸಬೇಕಿತ್ತು. ಬೀಗಿತ್ತಿ ಒಂದು ಸಲ ಬಂದು ನೋಡಲಿ, ಅದೂ ಒಂದು ಮರ್ಯಾದೆಯ ಕೆಲಸವೇ ಅಂತ ಅವರ ಬಾಯಿಂದಲೇ ಬರಲಿ ಅಂದುಕೊಂಡೆ. ನಮ್ಮ ಕಡೆಯವರನ್ನು ಕರೆತರಲು ಆಫೀಸಿನಲ್ಲಿ ಒಂದು ಪಾಸು ಕೊಡುತ್ತಿದ್ದರು. ಪಾಸಿನ ಮೇಲೆ ನನ್ನ ಹೆಸರು. ಬಂದವರು ಏನು ಮಾಡಿದರೂ ನಾನೇ ಹೊಣೆ.

ಬೀಗಿತ್ತಿ ರೇಷ್ಮೆ ಸೀರೆ ಉಟ್ಟು ಬಂದರು. ಬಿಸಿಲಿಗೆ ಬೆವೆತು ತೊಪ್ಪೆ. ಮುಂದಿನ ಸಾಲಿನಲ್ಲಿ ಕೂರಿಸಿದೆ. ನಾನು ಮಾಪು ಬದಿಗಿಟ್ಟು ಹತ್ತಿರ ನಿಂತು, ಮೈಕಿನ ಮಾತನ್ನು ಕನ್ನಡದಲ್ಲಿ ಹೇಳಿದೆ. ನನಗೂ ನಾಲ್ಕು ವಿಷಯ ಗೊತ್ತು ಅಂತ ಅವರಿಗೆ ಗೊತ್ತಾಗಲಿ ಅಂತ. ಹಾಲು ಕೊಡುವ ಮಾತು ಹೇಳಿದೆ. ಸಮುದ್ರದ ನೀರಿನ ಮಾತು ಹೇಳಿದೆ. ಬಲಗಡೆ ರೆಕ್ಕೆ ತುದಿ ಹರಿದ ಹೆಣ್ಣು ಡಾಲ್ಫಿನ್ ಒಂದಿತ್ತು. ಸೀಟಿ ಊದಿದರೆ ದಡಕ್ಕೆ ಬಂದು ಬಾಯಿ ತೆರೆದು ಹಲ್ಲು ತೋರಿಸುತ್ತೆ, ರಕ್ತ ತೆಗೆಯಲು ಬಾಲ ಕೊಡುತ್ತೆ, ಯಾರೂ ಹಿಡಿದು ಎಳೆಯಬೇಕಾಗಿಲ್ಲ ಅಂತಲೂ ಹೇಳಿದೆ.

"ನಮ್ಮನೆ ಮಗು ಒಂದು ಹನಿ ಔಷಧಿಗೆ ಬಾಯಿ ಬಿಡಲ್ಲ," ಅಂದರು ಬೀಗಿತ್ತಿ. ಮೆಚ್ಚಿಕೊಂಡರು ಅಂತಲೇ ನಾನು ತಿಳಿದೆ.

ಕೊನೆಯ ಮಾತು ಬಂತು, ನೀರಿಗೆ ಏನನ್ನೂ ಹಾಕಬೇಡಿ. ಅದನ್ನು ಮಾತ್ರ ಹೇಳಲಿಲ್ಲ. ಮಗಳ ಅತ್ತೆಗೆ, ರೇಷ್ಮೆ ಸೀರೆ ಉಟ್ಟು ಬಂದವರಿಗೆ, ಕಸ ಹಾಕಬೇಡಿ ಅಂತ ಕಸ ಗುಡಿಸುವವಳು ಹೇಗೆ ಹೇಳುವುದು? ಸಂಜೆ ಮನೆಯಲ್ಲಿ ಅದೇ ದೊಡ್ಡ ಕಥೆ ಆಗುತ್ತೆ. ನುಂಗಿಕೊಂಡೆ.

ಆಟ ಮುಗಿದು ಜನ ಏಳುತ್ತಿದ್ದರು. ನಾನು ಮೇಲಿನ ಮೆಟ್ಟಿಲಲ್ಲಿ ಕಸ ಆಯುತ್ತಿದ್ದೆ. ತಿರುಗಿ ನೋಡಿದರೆ ಬೀಗಿತ್ತಿ ಕಟಕಟೆ ಹತ್ತಿರ ನಿಂತಿದ್ದಾರೆ. ಸೆರಗು ಹೊದ್ದು, ಕಣ್ಣಿಗೊತ್ತಿಕೊಂಡು, ಹಳದಿ ಬಟ್ಟೆಯ ಒಂದು ಸಣ್ಣ ಗಂಟನ್ನು ನೀರಿಗೆ ಬಿಟ್ಟರು. ಕೈ ಮುಗಿದರು.

ಓಡಿದೆ. ಮಂಡಿ ಹಾಳಾಗಿದ್ದ ಕಾಲ.

"ಏನ್ರೀ ಅದು?"

"ಹರಕೆ. ಸೊಸೆ ಹೆರಿಗೆ ಸಸೂತ್ರ ಆದ್ರೆ ಸಮುದ್ರಕ್ಕೆ ಕೊಡ್ತೀನಿ ಅಂತ ಕಟ್ಟಿಟ್ಟಿದ್ದೆ. ಬಂದಾಗಿಂದ ಸಮುದ್ರ ತೋರ್ಸಿ ಅಂತಿದೀನಿ, ನಿಮಗ್ಯಾರಿಗೂ ಬಿಡುವಿಲ್ಲ. ಇದು ಸಮುದ್ರದ್ದೇ ನೀರು ಅಂತ ನೀವೇ ಅಂದ್ರಲ್ಲ."

ಅಂದಿದ್ದೆ. ಬಾಯಿಗೆ ಬಂದ ಹಾಗೆ ಬೈಯಲಾರೆ, ಸುಮ್ಮನಿರಲಾರೆ. ಆಗಲೇ ಹೇಳಬೇಕಿತ್ತು ಚೀನೀ ಹೆಂಗಸಿಗೆ. ಹೇಳಲಿಲ್ಲ, ಅದೂ ನನ್ನದೇ ಬುದ್ಧಿ. ಯಾರೂ ನೋಡುವ ಮೊದಲೇ ತೆಗೆದುಬಿಡೋಣ ಅಂತ ಉದ್ದ ಹಿಡಿಯ ಬಲೆ ತಂದು ನೀರಿಗೆ ಇಳಿಬಿಟ್ಟೆ. ರೆಕ್ಕೆ ಹರಿದದ್ದು ಬಂತು. ಬಲೆ ನೋಡಿ ಆಟ ಅಂದುಕೊಂಡಿತು. ಗಂಟನ್ನು ಬಾಯಲ್ಲಿ ಕಚ್ಚಿ ಆಳಕ್ಕೆ ಹೋಯಿತು.

ಬಲೆ ಅಲ್ಲೇ ಬಿಟ್ಟು ಮೀನು ಕೊಯ್ಯುವ ಕೋಣೆಗೆ ಹೋದೆ. ಚೀನೀ ಹೆಂಗಸು ಬಕೆಟ್ಟಿಗೆ ಮೀನು ತೂಗಿ ಹಾಕುತ್ತಿದ್ದಳು. ಹೇಳಿದೆ. ಅವಳು ಕೂಗಾಡಲಿಲ್ಲ. "ಯಾವುದು ತಗೊಂಡಿತು, ಆಂಟಿ? ಎಷ್ಟು ಹೊತ್ತಾಯಿತು?" ಅಷ್ಟೇ ಕೇಳಿದಳು. ಮುಂದಿನ ಆಟ ನಿಲ್ಲಿಸಿದರು. ಗೇಟಿನ ಹತ್ತಿರ ಕಾದಿದ್ದ ಜನ ಗೊಣಗಿದರು. ಮಕ್ಕಳು ಅತ್ತವು.

ಆ ಡಾಲ್ಫಿನ್ನುಗಳಿಗೆ ಒಂದು ಪಾಠ ಮೊದಲಿಂದ ಕಲಿಸಿದ್ದರು. ನೀರಲ್ಲಿ ಕಸ ಸಿಕ್ಕರೆ ತಂದು ಕೊಡಬೇಕು, ಮೀನು ಸಿಗುತ್ತೆ. ಅವಳು ದಡದಲ್ಲಿ ಮಂಡಿಯೂರಿ ಕೈ ತೋರಿಸಿದಳು. ರೆಕ್ಕೆ ಹರಿದದ್ದು ಒಂದು ಎಲೆ ತಂದಿತು. ಮೀನು ತಿಂದು ಹೋಗಿ ಒಂದು ಕೂದಲಿನ ಕ್ಲಿಪ್ಪು ತಂದಿತು. ಅದು ಯಾವತ್ತು ಬಿದ್ದಿತ್ತೋ, ನನ್ನ ಕಣ್ಣು ತಪ್ಪಿ ಬಿದ್ದದ್ದೇ ಇರಬೇಕು. ಆಮೇಲೆ ಹಳದಿ ಬಟ್ಟೆ. ಗಂಟು ಬಿಚ್ಚಿತ್ತು. ಬಟ್ಟೆಯ ಮಡಿಕೆಯಲ್ಲಿ ಅರಿಶಿನದ ಕೊಂಬು ಸಿಕ್ಕಿಕೊಂಡಿತ್ತು.

"ಒಳಗೆ ಇನ್ನೇನಿತ್ತು? ಕೇಳಿ ಹೇಳಿ, ಆಂಟಿ," ಅಂದಳು.

ಬೀಗಿತ್ತಿ ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹರಕೆ ಗಂಟಲ್ಲಿ ಏನಿದೆ ಅಂತ ಬಾಯಿಬಿಟ್ಟು ಹೇಳಬಾರದು. ಫಲ ಹೋಗುತ್ತೆ."

"ಆ ಪ್ರಾಣಿ ಸಾಯುತ್ತೆ ಕಣ್ರೀ."

"ಹಾಗಂತ ನಮ್ಮ ಮಗುವಿನ ಫಲ ಕಳೀಲಾ?"

ಹತ್ತು ದಿನದಿಂದ ಒಳಗಿಟ್ಟಿದ್ದು ಆಗ ಆಚೆ ಬಂತು. "ನೋಡಿ, ಹೇಳದಿದ್ರೆ ಆ ಕೈಚೀಲ ಕಿತ್ಕೊಂಡು ನಾನೇ ಈ ನೀರಿಗೆ ಎಸೀತೀನಿ. ಆಮೇಲೆ ನಿಮ್ಮ ಮಗನಿಗೆ ಏನು ಬೇಕಾದರೂ ಹೇಳ್ಕೊಳ್ಳಿ."

ಅವರು ನನ್ನ ಮುಖ ನೋಡಿದರು. "ಒಂದು ರೂಪಾಯಿ ನಾಣ್ಯ," ಅಂದರು. "ಅಷ್ಟೇ."

ನಾಣ್ಯ ಡಾಲ್ಫಿನ್ ತರಲಿಲ್ಲ. ಮೂರು ಸಲ ಕೇಳಿದರೂ ಬರಿ ಬಾಯಿ ತೆರೆದು ತೋರಿಸಿತು. ಡಾಕ್ಟರು ಬಂದರು. ಅದನ್ನು ದಡಕ್ಕೆ ಕರೆದು, ಮಗ್ಗುಲಾಗಿ ಮಲಗುವ ಸನ್ನೆ ಮಾಡಿದರು. ಮಲಗಿತು. ಹಾಗೆ ಅಲ್ಲಾಡದೆ ಮಲಗುವುದನ್ನು ಕಲಿಸಲು ಅವಳು ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಕೂತದ್ದನ್ನು ನಾನು ಮೆಟ್ಟಿಲು ತೊಳೆಯುತ್ತಾ ನೋಡಿದ್ದೆ. ಹೊಟ್ಟೆಯ ಮೇಲೆ ಯಂತ್ರ ಆಡಿಸಿ ನೋಡಿ, ಕಾಣಿಸುತ್ತಿಲ್ಲ, ಆದರೆ ಇಲ್ಲ ಅಂತಲೂ ಹೇಳಲಾರೆ ಅಂದರು ಡಾಕ್ಟರು. ನಾಣ್ಯ ತಳದಲ್ಲಿದೆಯಾ ನೋಡಲು ಮುಳುಗು ಹಾಕುವವನೊಬ್ಬ ಕೊಳಕ್ಕೆ ಇಳಿದ. ಬೀಗಿತ್ತಿ ನನಗೆ ಹಸಿವು ಅಂದರು. ನನ್ನ ಡಬ್ಬಿಯ ಚಿತ್ರಾನ್ನ ಕೊಟ್ಟೆ. ಉಪ್ಪು ಕಮ್ಮಿ ಅಂದರು, ಪೂರ್ತಿ ತಿಂದರು.

ಬಿಸಿಲು ಇಳಿಯುವ ಹೊತ್ತಿಗೆ ತಳದ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ನಾಣ್ಯ ಸಿಕ್ಕಿತು. ಚೀನೀ ಹೆಂಗಸು ಅದನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ನಾಣ್ಯ ನನ್ನ ಕೈಗೆ ಕೊಟ್ಟು ಕಾಗದ ತಂದಳು.

"ಆಫೀಸಿಗೆ ಬರೀಬೇಕು, ಆಂಟಿ. ಎಲ್ಲ ಹೇಳಿದ ಮೇಲೂ ಹಾಕಿದರಾ?"

"ಅವರಿಗೆ ಹೇಳಿರಲಿಲ್ಲ. ನಿನ್ನ ಮಾತೆಲ್ಲ ನಮ್ಮ ಭಾಷೆಯಲ್ಲಿ ಹೇಳಿದೆ, ಅದೊಂದು ಬಿಟ್ಟೆ."

"ಯಾಕೆ?"

"ಅವರು ನನ್ನ ಮಗಳ ಅತ್ತೆ."

ಅವಳು ಪೆನ್ನು ನಿಲ್ಲಿಸಿ ಬೀಗಿತ್ತಿಯ ಕಡೆ ನೋಡಿದಳು. "ನಮ್ಮಮ್ಮನೂ ಹೇಳ್ತಿರಲಿಲ್ಲ," ಅಂದಳು. ಅಂದರೂ ಬರೆದಳು. ಬಲೆ ಹಾಕಿ ಹೊತ್ತು ಕಳೆದದ್ದನ್ನೂ ಬರೆದಳು. ನಾನು ಕನ್ನಡದಲ್ಲೇ ಸಹಿ ಹಾಕಿದೆ.

ಆಫೀಸಿನವರು ಅವತ್ತೇ ತೀರ್ಮಾನ ಹೇಳಿ ಕಳಿಸಿದರು. ನಾನಾಗೇ ಬಂದು ಹೇಳಿದ್ದಕ್ಕೆ ಕೆಲಸದಿಂದ ತೆಗೆಯುವುದಿಲ್ಲ, ಕರಾರು ಮತ್ತೆ ಬರೆಯುತ್ತಾರೆ. ಕೊಳದ ಹತ್ತಿರ ಮಾತ್ರ ಬೇಡ. ನಾಳೆಯಿಂದ ಗೇಟಿನ ಪಕ್ಕದ ಕಕ್ಕಸು. ಟೋವಾ ಪಾಯೋ ಮನೆ ಉಳಿಯಿತು. ನಾಲ್ಕು ವರ್ಷ ತೊಳೆದ ಮೆಟ್ಟಿಲು ಹೋಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಬಸ್ಸಿನಲ್ಲಿ ಬೀಗಿತ್ತಿ ನಿದ್ದೆ ಹೋದರು. ಅವರ ತಲೆ ನನ್ನ ಹೆಗಲ ಮೇಲೆ ಬಿತ್ತು. ತಳ್ಳಿದೆ, ಮತ್ತೆ ಬಿತ್ತು.

ಮಾರನೇ ದಿನ ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದರು. ಎದುರಿಗೆ ನೆಲದ ಮೇಲೆ ನಾಣ್ಯ ಇಟ್ಟೆ. ಮೈಕಿನ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಕೊನೆಯದನ್ನೂ ಹೇಳಿದೆ. ಅವರು ಕಾಯಿ ಮುರಿಯುತ್ತಲೇ ಕೇಳಿದರು.

"ಇದನ್ನ ನಿನ್ನೆನೇ ಹೇಳಿದ್ರೆ ನಾನು ಹಾಕ್ತಿದ್ನಾ?" ಅಂದರು.

ಬಸ್ಸಿಗೆ ಹೊತ್ತಾಗಿತ್ತು. ಡಬ್ಬಿ ತಗೊಂಡು ಹೊರಟೆ. ಅವತ್ತು ಗೇಟಿನ ಪಕ್ಕದ ಕಕ್ಕಸುಗಳನ್ನು ಬಾಗಿಲ ಕಡೆಯಿಂದ ತೊಳೆಯಲು ಶುರು ಮಾಡಿದೆ.