ಸಾಬಮ್ಮನ ಬರ್ಫದ ಡಬ್ಬಿ

ಒಂದೂರಿನಲ್ಲಿ ಒಬ್ಬ ರಾಕ್ಷಸನಿದ್ದನಂತೆ. ಜನರ ಗಂಟಲು ಹಿಚುಕುವುದೇ ಅವನ ಕೆಲಸ. ಕೊಡಲಿಗೆ ಬಗ್ಗ, ಮಂತ್ರಕ್ಕೆ ಜಗ್ಗ. ಅವನ ಜೀವ ಇದ್ದದ್ದು ಎಲ್ಲೋ ಪಂಜರದಲ್ಲಿ ಕೂತ ಒಂದು ಗಿಳಿಯೊಳಗೆ.

ಕರಜಗಿಯ ಮಲ್ಕಮ್ಮನ ಮನೆಯಲ್ಲಿ ಇದು ಕತೆಯಲ್ಲ. ಆ ಮನೆತನದವರಿಗೆ ಇದ್ದಕ್ಕಿದ್ದಂತೆ ತುಟಿ ಊದುತ್ತದೆ, ಮುಖ ಊದುತ್ತದೆ, ಗಂಟಲು ಕಟ್ಟುತ್ತದೆ. ಮಲ್ಕಮ್ಮನ ಗಂಡ ಹಾಗೆಯೇ ಹೋದ, ಹಿರಿಮಗನೂ ಹೋದ. ಉಳಿದವಳು ಹತ್ತೊಂಬತ್ತರ ಮಗಳು ಚಂದಮ್ಮ.

ಜನವರಿಯ ಚಳಿ, ಬೆಳಗಿನ ಆರು ಗಂಟೆ. ಆ ಮನೆಯ ಕಟ್ಟೆಯ ಮೇಲೆ ಸಾಬಮ್ಮ ಸೂಜಿ ಹಿಡಿದು ಕೂತಿದ್ದಾರೆ. ಪಕ್ಕದಲ್ಲಿ ಬರ್ಫ, ಅಂದರೆ ಮಂಜುಗಡ್ಡೆ, ತುಂಬಿದ ಸ್ಟೀಲ್ ಡಬ್ಬಿ. ಚಂದಮ್ಮ ಮಾತ್ರ ಕೈಯನ್ನು ಸೆರಗಿನೊಳಗಿಂದ ಹೊರಗೆ ತೆಗೆಯುತ್ತಿಲ್ಲ.

ಗಂಡ ತೀರಿದ ಮೇಲೆ ಆಸ್ಪತ್ರೆಯ ಕಸ ಗುಡಿಸಲು ಸೇರಿದವರು ಸಾಬಮ್ಮ. ಸೂಜಿ ಹಿಡಿಯಲು ಕಲಿಸಿದವರು ಗುಲಬರ್ಗಾದ ಪ್ರಮಿಲಾ ಡಾಕ್ಟರ್. ಒಂಬತ್ತು ವರ್ಷಗಳಿಂದ ಆಳಂದ, ಅಫಜಲಪುರ, ಜೇವರ್ಗಿಯ ಹನ್ನೊಂದು ಹಳ್ಳಿ ತಿರುಗಿ, ಐನೂರಕ್ಕೂ ಹೆಚ್ಚು ಶೀಶೆ ರಕ್ತವನ್ನು ಬಸ್ಸಿನಲ್ಲಿ ಡಾಕ್ಟರರಿಗೆ ಮುಟ್ಟಿಸಿದ್ದಾರೆ.

"ನಂದೇನೈತ್ರಿ, ಬರೇ ಹಮಾಲಿ. ಬಸ್ಸಿನ್ಯಾಗ ಮಂದಿ ಕುಲ್ಫಿ ಮಾರಾಕಿ ಅಂತ ತಿಳೀತಾರ. 'ಒಂದ್ ಕೊಡಬೇ' ಅಂತಾರ. 'ತಿಂದ್ರ ರಾಕ್ಷಸ ಆಗ್ತಿಲೇ' ಅಂತೇನಿ."

ಡಾಕ್ಟರರು ಹುಡುಕುತ್ತಿರುವ ಗಿಳಿ ರಕ್ತದಲ್ಲಿರುವ ಒಂದು ಪ್ರೋಟೀನ್. ಬಾವು ಎಬ್ಬಿಸುವುದು ಅದೇ. ಅದನ್ನು ಹಿಡಿದಿಡುವ ಪಂಜರವೂ ಇನ್ನೊಂದು ಪ್ರೋಟೀನ್. ಈ ಮನೆತನದಲ್ಲಿ ಪಂಜರ ಸಡಿಲ. ಗಿಳಿಯ ರೆಕ್ಕೆಯನ್ನೇ ಕಟ್ಟುವ ಔಷಧ ಸಿಕ್ಕೀತೇ ಎಂಬುದು ಡಾಕ್ಟರರ ಶೋಧ. ಶೀಶೆಗೆ ಬಿಸಿ ತಾಗಿದರೆ ಗಟ್ಟಿ ಪಂಜರವೂ ಪರೀಕ್ಷೆಯಲ್ಲಿ ಸಡಿಲವಾಗಿ ಕಾಣುತ್ತದೆ. ಅದಕ್ಕೇ ಬರ್ಫ.

ಕಳೆದ ಮೇ ತಿಂಗಳ ಆ ದಿನದ ಮಾತು ಬಂದರೆ ಸಾಬಮ್ಮ ನೆಲ ನೋಡುತ್ತಾರೆ. ಕರಜಗಿಯಿಂದ ಮಲ್ಕಮ್ಮ, ಚಂದಮ್ಮ ಇಬ್ಬರ ರಕ್ತದ ಶೀಶೆ ತಂದವರು, ಗುಲಬರ್ಗಾ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅಫಜಲಪುರದ ತಮ್ಮ ಮನೆಗೆ ಹೋಗಿದ್ದರು.

"ಮಗಳನ್ನ ನೋಡಾಕ ಬೀಗರು ಹೇಳದ ಕೇಳದ ಬಂದ್ರು. ಕರೆಂಟಿಲ್ಲ, ಬರ್ಫದ ಕಾರ್ಖಾನಿ ಬಂದ್. ಉರಿಬಿಸಲಾಗ ಬಂದವರಿಗೆ ಬರೇ ನೀರು ಕೊಟ್ರ ಮನಿ ಮರ್ಯಾದಿ ಏನುಳೀತೈತ್ರಿ? ಡಬ್ಬಿ ತೆಗೆದೆ. ಶರಬತ್ತಿಗೆ ಹಾಕಿದೆ. ಶೀಶಾದ ಸುತ್ತ ಕೊಡದ ನೀರು ಸುರುವಿದೆ."

ಅವರ ಮಗಳ ಮದುವೆ ಅಂದೇ ನಿಶ್ಚಯವಾಯಿತು. ಕೆಲವೇ ದಿನಕ್ಕೆ ಚಂದಮ್ಮನ ಪಂಜರವೂ ಸಡಿಲವೆಂದು ಆಸ್ಪತ್ರೆಯಿಂದ ಕಾಗದ ಬಂತು. ಸುದ್ದಿ ಕೇಳಿ, ಅವಳಿಗೆ ಗೊತ್ತಾಗಿದ್ದ ಮಾದನಹಿಪ್ಪರಗಾದ ವರ ಹಿಂದೆ ಸರಿದ.

ದೀಪಾವಳಿಯ ಹೊತ್ತಿಗೆ ಪ್ರಮಿಲಾ ಡಾಕ್ಟರರಿಗೆ ಅನುಮಾನ ಬಂತು. ಮಲ್ಕಮ್ಮ ಬೇರೆ ಮನೆಯಿಂದ ಬಂದ ಸೊಸೆ. ಆಕೆಯ ರಕ್ತದಲ್ಲೂ ಅದೇ ದೋಷ ಹೇಗೆ? "ಅವತ್ತು ಬರ್ಫ ಸರಿ ಇತ್ತಾ, ಸಾಬಮ್ಮ?"

"ಇತ್ರಿ," ಎಂದರು ಸಾಬಮ್ಮ.

ಆ ಒಂದು ಮಾತು ಎಂಟು ದಿನ ಅನ್ನ ಇಳಿಯಗೊಡಲಿಲ್ಲ. ಒಂಬತ್ತನೆಯ ದಿನ ನಿಜ ಹೇಳಿದರು. "ನನಗಲ್ಲ, ಆ ಹುಡುಗಿಗೆ ಹೇಳಿ ಬಾ," ಎಂದರು ಡಾಕ್ಟರ್. ಹೇಳಿ ಬರುತ್ತೇನೆಂದವರಿಗೆ ಕರಜಗಿಯ ಬಸ್ಸು ಹತ್ತಲು ಎರಡು ತಿಂಗಳು ಬೇಕಾಯಿತು. ಇಂದು ಹೇಳಿದ್ದಾರೆ. ಖರೇ ಕಾಗದ ತಂದು ಕೈಗಿಡುತ್ತೇನೆಂದು ಮಾತೂ ಕೊಟ್ಟಿದ್ದಾರೆ.

ಒಲೆಯ ಮುಂದಿನಿಂದ ಮಲ್ಕಮ್ಮ ಕೇಳುತ್ತಾಳೆ: "ನಿನ್ನ ಮಗಳಿಗೆ ಅತ್ತಿಮನಿ ತಂಪೈತೇನಬೇ?"

ಸಾಬಮ್ಮ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ.

ಚಂದಮ್ಮ ಸೆರಗು ಸರಿಸಿ ತೋಳು ಚಾಚುತ್ತಾಳೆ. "ಚುಚ್ಚು ದೊಡ್ಡವ್ವ. ಆದ್ರ ಡಬ್ಬಿ ಕೂಡ ನಾನೂ ಬರ್ತೇನಿ."

ಗುಲಬರ್ಗಾದವರೆಗೂ ಡಬ್ಬಿ ಚಂದಮ್ಮನ ತೊಡೆಯ ಮೇಲಿರುತ್ತದೆ. ಎತ್ತಿಕೊಳ್ಳಲು ಸಾಬಮ್ಮ ಕೈ ಚಾಚಿದರೆ ಹುಡುಗಿ ಕಿಟಕಿಯತ್ತ ತಿರುಗುತ್ತಾಳೆ. ಡಾಕ್ಟರರ ಮೇಜಿನ ಮೇಲೆ ಮುಚ್ಚಳ ತೆರೆದಾಗ ಬರ್ಫ ಇನ್ನೂ ಕಟಕಟ ಎನ್ನುತ್ತದೆ.

ಹದಿನೈದು ದಿನಕ್ಕೆ ಸಾಬಮ್ಮ ಮತ್ತೆ ಅದೇ ಕಟ್ಟೆಯ ಮುಂದೆ. ಗಿಳಿಯ ಔಷಧಕ್ಕೆ ಇನ್ನೆಷ್ಟು ವರ್ಷವೋ, ಡಾಕ್ಟರರಿಗೂ ಗೊತ್ತಿಲ್ಲ. ಚಂದಮ್ಮನ ಪಂಜರ ಗಟ್ಟಿಯಿದೆ ಎಂಬುದಷ್ಟೇ ಈ ಕಾಗದದಲ್ಲಿದೆ. ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಏಳನೆಯ ಇಯತ್ತೆ ಓದಿದ ಹುಡುಗಿ ಅದನ್ನು ಎರಡು ಸಲ ಓದಿ, ತಾಯಿಗೆ ಒಂದು ಸಲ ಗಟ್ಟಿಯಾಗಿ ಓದಿ ಹೇಳುತ್ತಾಳೆ.

ಮಲ್ಕಮ್ಮ ಎದ್ದು ಹೋಗಿ ತಂಬಿಗೆ ತರುತ್ತಾಳೆ. "ಬರ್ಫ ಇಲ್ಲ ನೋಡು ನಮ್ಮನ್ಯಾಗ. ಕೊಡದ ನೀರು."

ಸಾಬಮ್ಮ ನಿಂತಲ್ಲೇ ತಂಬಿಗೆ ಎತ್ತಿ, ಕೊನೆಯ ಹನಿಯವರೆಗೂ ಕುಡಿಯುತ್ತಾರೆ.