ಕೆಂಪು ಮುಚ್ಚಳದ ಬಾಟಲಿ

ಶಹಾಪುರದ ಆ ಡಿಗ್ರಿ ಕಾಲೇಜಿನ್ಯಾಗ ಪ್ರಾಣಿಶಾಸ್ತ್ರ ಕಲಿಸಾಕಿ ಒಬ್ಬಾಕಿನೇ, ನುಜ್ಹತ ಮೇಡಂ. ಹುದ್ದಿ ಹೆಸರು ಅತಿಥಿ ಉಪನ್ಯಾಸಕಿ. ಅತಿಥಿ ಅಂದ್ರ ಚಹಾ ಕೊಟ್ಟು ಕುಂದರಸ್ತಾರಂತ ತಿಳೀಬ್ಯಾಡ್ರಿ. ವರ್ಷಾ ಬ್ಯಾಸಗ್ಯಾಗ ಮನಿಗೆ ಕಳಸ್ತಾರ, ಬೇಕಾದ್ರ ಮತ್ತ ಕರೀತಾರ, ಬ್ಯಾಡಾದ್ರ ಫೋನೂ ಎತ್ತೂದಿಲ್ಲ. ಆಕಿ ಓದಿದ್ದೂ ಇದೇ ಕಾಲೇಜು. ಇದೇ ಲ್ಯಾಬಿನ ಕಲ್ಲಕಟ್ಟಿ ಮ್ಯಾಲ ಜಿರಳಿ ಕೊಯ್ದು, ಕಲಬುರಗ್ಯಾಗ ಎಂ.ಎಸ್ಸಿ. ಮುಗಿಸಿ, ತಿರಗಿ ಇಲ್ಲೇ ಬಂದು ನಿಂತಾಕಿ. ಹಾವು ಹಲ್ಲಿ ಕಲಿಸಾಕಿನ್ನ ಯಾರು ಮದಿವಿ ಆಗ್ತಾರಂತ ತಾಯಿ ಮಸ್ತಾನಬಿ ದಿನಾ ಊಟಕ್ಕ ಕುಂತಾಗ ಒಮ್ಮಿ ಅನ್ನೂದು ಅದ. ನುಜ್ಹತ ಅದಕ್ಕ ಕಿವಿ ಕೊಡೂದು ಬಿಟ್ಟು ಭಾಳ ದಿನ ಆತು. ಆಕಿಗೆ ಪಾಠ ಮಾಡೂದಂದ್ರ ಜೀವ.

ಈ ವರ್ಷ ಪ್ರಿನ್ಸಿಪಾಲರು ಕರದು ಕುಂದ್ರು ಅಂದಾಗನೇ ಏನೋ ಕೆಟ್ಟ ಸುದ್ದಿ ಅದಂತ ನುಜ್ಹತಗ ತಿಳೀತು, ಯಾಕಂದ್ರ ಅವರು ಯಾರಿಗೂ ಕುಂದ್ರು ಅನ್ನಾವ್ರಲ್ಲ.

"ನೋಡ್ರಿ ಮೇಡಂ, ಹುಡುಗರು ಖರೇ ಏನ್ ಕಲತಾರ ಅನ್ನೂದನ್ನ ಈ ಸಲ ವಿಶ್ವವಿದ್ಯಾಲಯದವ್ರು ಅಳೀತಾರಂತ. ಪ್ರಾಕ್ಟಿಕಲ್ ಪರೀಕ್ಷಾದಾಗ ಮುಕ್ಕಾಲು ಪಾಲು ಹುಡುಗರು ದಾಟಬೇಕು. ಇಲ್ಲಂದ್ರ ಬರೂ ವರ್ಷ ನಿಮ್ಮ ವಿಷಯಕ್ಕ ಅಡ್ಮಿಷನ್ ಬಂದ್."

ಅಡ್ಮಿಷನ್ ಬಂದ್ ಆದ್ರ ನುಜ್ಹತನೂ ಬಂದ್. ಅದನ್ನ ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳೂ ಜರೂರನೂ ಇರಲಿಲ್ಲ.

ಫಿಕರ್ ಮಾಡೂವಂಥಾದ್ದು ಏನಿಲ್ಲಂತ ಆಕಿ ತನಗ ತಾನ ಧೈರ್ಯ ಹೇಳ್ಕೊಂಡ್ಳು. ಪ್ರಾಕ್ಟಿಕಲ್‌ನ್ಯಾಗ ದೊಡ್ಡ ಪಾಲು ಮಾರ್ಕ್ಸ್ ಇರೂದು ಬಾಟಲಿಗೆ. ಔಷಧ ನೀರಿನ್ಯಾಗ ಇಟ್ಟ ಪ್ರಾಣಿ ನೋಡಿ ಹೆಸರು, ವರ್ಗ, ಲಕ್ಷಣ ಬರದ್ರಾತು. ಅದರಾಗ ಈ ಕಾಲೇಜಿನ ಹುಡುಗರು ಒಮ್ಮಿನೂ ಬಿದ್ದಿಲ್ಲ. ಯಾಕಂತೀರಿ? ಬಾಟಲಿಗೆ ಹಚ್ಚಿದ ಚೀಟಿ ಎಂದೋ ಉದುರಿ ಹೋಗ್ಯಾವ, ಖರೆ ಮುಚ್ಚಳ ಉಳದಾವ. ಸೀಳಿದ ಹಸರ ಮುಚ್ಚಳ ನಕ್ಷತ್ರಮೀನು. ದಾರ ಸುತ್ತಿದ್ದು ಸಮುದ್ರಕುದುರಿ. ಕರಿ ಮುಚ್ಚಳ ಕುರುಡು ಹಾವು. ಕೆಂಪು ಮುಚ್ಚಳ ಇಕ್ತಿಯೋಫಿಸ್, ಅಂದ್ರ ನೋಡಾಕ ಹಾವಿನಂಗಿದ್ರೂ ಕಪ್ಪಿ ಬಳಗಕ್ಕ ಸೇರಿದ ಕಾಲಿಲ್ಲದ ಪ್ರಾಣಿ. ಹೋಗೂ ಹುಡುಗರು ಬರೂ ಹುಡುಗರಿಗೆ ಇದನ್ನೆಲ್ಲಾ ಹೇಳಿಕೊಟ್ಟೇ ಹೋಗ್ತಾರ. ನುಜ್ಹತಗೂ ಆಕಿ ಸೀನಿಯರ್‌ಗಳು ಹಂಗೇ ಹೇಳಿಕೊಟ್ಟಿದ್ರು. ಅದರಾಗ ತಪ್ಪೈತಿ ಅಂತ ಯಾರಿಗೂ ಅನಿಸಿದ್ದಿಲ್ಲ.

ಪರೀಕ್ಷಾದ ಹಿಂದಿನ ವಾರ ಅಟೆಂಡರ್ ಚನ್ನಯ್ಯ ಲ್ಯಾಬ್ ಚಂದ ಕಾಣಲಂತ ಬಾಟಲಿ ಎಲ್ಲಾ ತೊಳದು ಹೊಸ ಔಷಧ ನೀರು ತುಂಬಿದ. ಭಾಳ ಒಳ್ಳೇ ಮನಷ್ಯಾ, ಕೆಲಸಕ್ಕ ಹಿಂದ ಬೀಳಾಂವಲ್ಲ. ಮುಚ್ಚಳ ಅಷ್ಟೂ ಒಂದೇ ಬುಟ್ಟ್ಯಾಗ ನೆನಿಹಾಕಿ, ತಿಕ್ಕಿ, ಒರಸಿ, ತಿರಗಿ ಹಾಕಿದ.

ಪರೀಕ್ಷಾ ದಿನ ಹೊರಗಿನ ಪರೀಕ್ಷಕ ಮಹೇಶಕುಮಾರ ಸರ್ ಬಂದ್ರು. ಸಂಜೀಗೆ ಯಾದಗಿರ್‍ಯಾಗ ರೈಲು ಹಿಡೀಬೇಕು, ಬಂದಾಗಿಂದ ಕಣ್ಣು ಗಡಿಯಾರದ ಮ್ಯಾಲೇ. ಹುಡುಗರು ಸಾಲಾಗಿ ಬಾಟಲಿ ನೋಡ್ಕೋತ ಬರದ್ರು. ನುಜ್ಹತ ಉತ್ತರದ ಹಾಳಿ ಮಾಡಿಕೊಟ್ಳು, ಅವರು ಅದನ್ನ ನೋಡ್ಕೋತ ಸರಸರ ತಿದ್ದಿದ್ರು. ಹನ್ನೊಂದು ಮಂದ್ಯಾಗ ಹತ್ತು ಮಂದಿ ಕೆಂಪು ಮುಚ್ಚಳದ ಏಳನೇ ನಂಬರ್ ಬಾಟಲಿಗೆ ಇಕ್ತಿಯೋಫಿಸ್ ಅಂತ ಬರದಿದ್ರು. ಒಬ್ಬಾಕಿ ಮಾತ್ರ ಕುರುಡು ಹಾವು ಅಂತ ಬರದಿದ್ಳು.

ಆಕಿ ದಾನೇಶ್ವರಿ. ಸುರಪುರದ ಕಾಲೇಜು ಬಿಟ್ಟು ಈ ವರ್ಷನೇ ಇಲ್ಲಿ ಸೇರಿದ ಹುಡುಗಿ. ದೋರನಹಳ್ಳ್ಯಾಗ ಅತ್ತಿ ಮನ್ಯಾಗ ಇರ್ತಾಳ, ಕ್ಲಾಸ್ ಮುಗದ್ರ ಬಸ್ಸಿಗೆ ಓಡ್ತಾಳ. ಮುಚ್ಚಳದ ವಿದ್ಯಾ ಆಕಿಗೆ ಯಾರೂ ಹೇಳಿದ್ದಿಲ್ಲ. ಪಾಪ, ಈ ಹುಡುಗಿ ಒಂದು ಉತ್ತರದ ಮಾರ್ಕ್ಸ್ ಕಳಕೊಂಡ್ಳಲ್ಲ ಅಂತ ನುಜ್ಹತ ಮರಗಿದ್ಳು.

ಮೌಖಿಕಕ್ಕ ಕರದಾಗ ಮಹೇಶಕುಮಾರ ಸರ್ ಕೇಳಿದ್ರು, "ಇದನ್ನ ಹಾವು ಅಂತ ಯಾಕ ಬರದಿ?"

"ಮೈ ತುಂಬಾ ಹುರುಪಿ ಅದಾವಲ್ರಿ ಸರ್. ಬಾಲದ ತುದಿಗೆ ಸಣ್ಣ ಮುಳ್ಳೂ ಅದರಿ."

"ನಿಮ್ಮ ಮೇಡಂ ಉತ್ತರ ತಪ್ಪೇನವಾ ಹಂಗಾದ್ರ?"

ದಾನೇಶ್ವರಿ ತಲಿ ತಗ್ಗಿಸಿದ್ಳು. ಕಣ್ಣಾಗ ನೀರು ತುಂಬಿತ್ತು, ಆದ್ರೂ ನಿಂತ ಜಾಗಾ ಬಿಡಲಿಲ್ಲ. "ಒಮ್ಮಿ ನೋಡ್ರಿ ಮೇಡಂ," ಅಂದ್ಳು, ಮೆಲ್ಲಕ.

ನುಜ್ಹತಗ ಸಿಟ್ಟೇ ಬಂತು. ಇಷ್ಟು ವರ್ಷ ಕಲಿಸಿದಾಕಿಗೆ ನೋಡು ಅಂತಾಳಲ್ಲ ಇಕಿ. ಸಿಟ್ಟಿಲೇ ಬಾಟಲಿ ಎತ್ತಿ ಕಿಡಕಿ ಬೆಳಕಿಗೆ ಹಿಡದ್ಳು. ಬಿಳಚಿದ ಮೈ ಮ್ಯಾಲ ಹುರುಪಿ ಒಂದರ ಮ್ಯಾಲೊಂದು ಮಿಂಚಾಕತ್ತಿದ್ವು. ತುದ್ಯಾಗ ಮುಳ್ಳಿತ್ತು. ಕಪಾಟಿಗೆ ಓಡಿ ಕರಿ ಮುಚ್ಚಳದ ಬಾಟಲಿ ತಗದ್ಳು. ಅದರಾಗಿನ ಮೈ ಮ್ಯಾಲ ಒಂದೂ ಹುರುಪಿ ಕಾಣೂದಿಲ್ಲ, ಬಳಿ ತೊಡಸಿದಂಗ ಬರೇ ಉಂಗುರ. ಅಯ್ಯ ನನ್ನ ನಸೀಬ, ಚನ್ನಯ್ಯನ ಬುಟ್ಟ್ಯಾಗ ಮುಚ್ಚಳ ಅದಲಿ ಬದಲಿ ಆಗ್ಯಾವ.

ಮಹೇಶಕುಮಾರ ಸರ್ ತಾವೂ ಎದ್ದು ಬಂದು ಎರಡೂ ಬಾಟಲಿ ನೋಡಿದ್ರು. ಕೆಟ್ಟವರಲ್ಲ ಅವರು. "ಹೋಗ್ಲಿ ಬಿಡ್ರಿ ಮೇಡಂ, ಬಾಟಲಿ ಅದಲಿ ಬದಲಿ ಆಗೂದು ಎಲ್ಲಾ ಕಡಿ ಇರ್ತದ. ಏಳನೇದ್ದಕ್ಕ ಎಲ್ಲಾರಿಗೂ ಮಾರ್ಕ್ಸ್ ಕೊಡೂಣು, ಈ ಹುಡುಗಿಗೂ ಕೊಡೂಣು. ನಿಮ್ಮ ರಿಜಲ್ಟೂ ಉಳೀತದ, ನನಗ ರೈಲೂ ಸಿಗ್ತದ."

ಹೂಂ ಅಂದಿದ್ರ ಮುಗದು ಹೋಗ್ತಿತ್ತು. ನುಜ್ಹತ ಹೂಂ ಅನ್ನಾಕ ಬಾಯಿ ತಗದಿದ್ಳು ಖರೇ. ಅಷ್ಟರಾಗ ಮ್ಯಾಲಿದ್ದ ಉತ್ತರಪತ್ರಿಕಿ ಕಣ್ಣಿಗೆ ಬಿತ್ತು. ಗಯಾಸಂದು. ಕ್ಲಾಸಿಗೇ ಮೊದಲು ಬರೂ ಹುಡುಗ. 'ಹೊರಗೆ ಕಾಣುವ ಹುರುಪೆಗಳಿಲ್ಲ. ದೇಹದ ತುಂಬ ಉಂಗುರಗಳು' ಅಂತ ಮುತ್ತಿನಂಥಾ ಅಕ್ಷರದಾಗ ಬರದಿದ್ದ. ಎರಡನೇದ್ದು ತಗದ್ಳು, ಅದರಾಗೂ ಉಂಗುರ. ಮೂರನೇದ್ದರಾಗೂ ಉಂಗುರ. ಕಣ್ಣ ಮುಂದ ಹುರುಪಿ ಇಟ್ಕೊಂಡು ಹತ್ತೂ ಮಂದಿ ಉಂಗುರ ಕಂಡಿದ್ರು. ಅವರ ಮ್ಯಾಲ ಹ್ಯಾಂಗ ಸಿಟ್ಟಾಗಬೇಕು, ತನ್ನ ಉತ್ತರದ ಹಾಳ್ಯಾಗೂ ಅದೇ ಇತ್ತಲ್ಲ.

"ಏಳನೇದ್ದೊಂದೇ ಅಲ್ರಿ ಸರ್," ಅಂದ್ಳು. "ಉಳದದ್ದೂ ಇವರು ಮುಚ್ಚಳಾ ನೋಡೇ ಬರದಾರ. ಎಲ್ಲಾ ರದ್ದು ಮಾಡ್ರಿ. ಪ್ರಾಣಿ ಹೊರಗ ತಗದು ತಾಟಿನ್ಯಾಗ ಇಡಸ್ತೀನಿ, ಮತ್ತ ಬರಸ್ರಿ."

"ವಿಚಾರ ಮಾಡಿ ಹೇಳ್ರಿ ಮೇಡಂ. ಬಿದ್ರ ನಿಮ್ಮ ಕೆಲಸಾನೇ ಹೋಗ್ತದ ಅಂತ ಪ್ರಿನ್ಸಿಪಾಲರು ಹೇಳ್ಯಾರ ನನಗ."

"ಗೊತ್ತೈತ್ರಿ."

ಮಹೇಶಕುಮಾರ ಸರ್ ಕೈಗಡಿಯಾರ ಬಿಚ್ಚಿ ಕಿಸೇದಾಗ ಹಾಕ್ಕೊಂಡ್ರು.

ಚನ್ನಯ್ಯ ಬಿಳೇ ತಾಟು ಹೊಂದಿಸಾಕತ್ತಾಗ ಹುಡುಗರ ಮಾರಿ ಸುಣ್ಣ ಆಗಿದ್ವು. ಗಯಾಸ ತಡೀಲಾರದ ಅಂದೇಬಿಟ್ಟ, "ಮೇಡಂ, ನೀವು ಸುಮ್ಕಿದ್ರ ಎಲ್ಲಾರೂ ಪಾಸ್ ಆಗ್ತಿದ್ವಿ."

"ಹೌದಪಾ, ಆಗ್ತಿದ್ರಿ. ನಾನೂ ಹಂಗೇ ಆದಾಕಿ."

ಹಂಗಂದಾಕಿನೇ ನುಜ್ಹತ ತಾನೂ ಒಂದು ಹಾಳಿ ತಗೊಂಡು ಕಡೀ ಬೆಂಚಿಗೆ ಹೋಗಿ ಕುಂತ್ಳು. ಇದೇನ್ರಿ ಮೇಡಂ ಅಂತ ಮಹೇಶಕುಮಾರ ಸರ್ ಕೇಳಿದ್ರ, ನಂಬರು ನೀವೇ ಹಚ್ರಿ, ನಾ ನೋಡೂದಿಲ್ಲ ಅಂದ್ಳು. ತಾನು ಇಲ್ಲಿ ಕಲಿಯೂವಾಗಿಂದ ನೋಡಿದ ಪ್ರಾಣಿ ಅವು. ಬಾಟಲಿ ಬಿಟ್ಟು ತಾಟಿನ್ಯಾಗ ಬಿದ್ದಾಗ ಒಂದೊಂದೂ ಪರದೇಶದ ಮಂದಿ ಕಂಡಂಗ ಕಂಡ್ವು. ಮೊದಲನೇದ್ದು ಬರದ್ಳು. ಎರಡನೇದ್ದರ ಮುಂದ ಪೆನ್ನು ನಿಂತಿತು, ನಿಂತೇಬಿಡ್ತು. ಬಗಲಾಗ ದಾನೇಶ್ವರಿ ತಾಟಿಗೆ ಮೂಗು ಹಚ್ಚಿ ನೋಡಾಕತ್ತಿದ್ಳು. ನುಜ್ಹತನೂ ಬಗ್ಗಿದ್ಳು.

ಸಂಜೀಗೆ ದಾಟಿದವರು ಅರ್ಧಾನೂ ಇರಲಿಲ್ಲ. ಪ್ರಿನ್ಸಿಪಾಲರು ಬಾಗಲದಾಗ ನಿಂತು ಕೇಳಿಕೊಂಡು ಹೊಂಟು ಹೋದ್ರು. ನುಜ್ಹತನ ನೌಕರಿ ಅಲ್ಲಿಗೆ ಮುಗದಿತ್ತು. ಮಹೇಶಕುಮಾರ ಸರ್ ಆಕಿ ಹಾಳಿ ತಿದ್ದದೇ ಬಾಜೂಕ ಇಟ್ಟಿದ್ರು. ಆಕಿ ಅದನ್ನ ಎತ್ತಿ ಅವರ ಮುಂದಕ್ಕ ಸರಿಸಿದ್ಳು.

ಅವರು ಕೆಂಪು ಪೆನ್ನು ತಗೊಂಡ್ರು. ಮೊದಲನೇದ್ದು ಸರಿ. ಎರಡನೇದ್ದಕ್ಕ ಅಡ್ಡಗೀಟು ಬಿತ್ತು.

ಗಯಾಸ ಹೊರಗ ಹೋದಾಂವ ಯಾವಾಗ ತಿರಗಿ ಬಂದಿದ್ನೋ, ಹಿಂದ ನಿಂತು ನೋಡಾಕತ್ತಿದ್ದ. ಕಣ್ಣು ಕೆಂಪಾಗಿದ್ವು. "ಅದು ನಂದೂ ತಪ್ಪಾಗ್ಯಾದ್ರಿ ಮೇಡಂ," ಅಂದ. "ಏನ್ರಿ ಅದು?"

"ಗೊತ್ತಿಲ್ಲಪಾ," ಅಂದ್ಳು ನುಜ್ಹತ. "ತಾಟು ಇನ್ನೂ ಅಲ್ಲೇ ಅದ, ನಡಿ, ನೋಡೂಣು."